ನಾಲ್ಕು ಸಾವಿರದ ನಾಲಿಗೆ

"ಗೊತ್ತೈತ್ರಿ" ಅಂದುಬಿಟ್ಟ ಕರೆಪ್ಪ. ಅಲ್ಲಿಗೆ ಕೆಟ್ಟಿತು ಅವನ ದಿನ.

ಯಾರೂ ಅವನ ಬಾಯಿಗೆ ಕೈ ಹಾಕಿ ಆ ಮಾತನ್ನು ಕಿತ್ತಿರಲಿಲ್ಲ. ಬೊಚ್ಚುಬಾಯಿಯ ಮುದುಕನ ಬಾಯಿಂದ ಅಡಿಕೆ ಹೋಳು ಜಾರುವ ಹಾಗೆ ತಾನಾಗಿಯೇ ಜಾರಿ, ಶಿವಾಜಿ ಸಾವುಕಾರನ ಕಾಲ ಬುಡದಲ್ಲಿ ಬಿತ್ತು.

ಶಿವಾಜಿ ಸಾವುಕಾರನದು ತಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ದಾರಿಯಲ್ಲಿ ದೊಡ್ಡ ಮಣೂಕದ ಶೆಡ್ಡು. ಸುತ್ತಲಿನ ದ್ರಾಕ್ಷಿ ತೋಟದವರು ಹಣ್ಣು ಒಣಗಿಸಿ, ಮಣೂಕ ಮಾಡಿ ಅಲ್ಲಿಗೆ ತರುತ್ತಾರೆ. ಅವನು ಹೇಳಿದ ದರಕ್ಕೆ ಸುರುವಿ, ಅವನನ್ನೇ ಬೈಯುತ್ತ ಮನೆಗೆ ಹೋಗುತ್ತಾರೆ. ಆ ಶೆಡ್ಡಿನಲ್ಲಿ ಕರೆಪ್ಪ ಬಾಕ್ಸು ಹೊರುವವನು. ಹೊತ್ತು ಹೊತ್ತು ಅವನ ಬಲಭುಜ ಎಡಭುಜಕ್ಕಿಂತ ಕೆಳಗೆ ಇಳಿದಿತ್ತು. ದೂರದಿಂದ ನೋಡಿದರೆ ಒಂದು ಗಾಲಿಯ ಗಾಳಿ ಹೋದ ಟ್ರ್ಯಾಕ್ಟರಿನ ಹಾಗೆ ಕಾಣುತ್ತಿದ್ದ. ವಿಜಯಪುರದ ಡಾಕ್ಟರು ಎಕ್ಸರೇ ಎತ್ತಿ ಹಿಡಿದು, "ಇನ್ನ ಮ್ಯಾಲ ಭಾರ ಎತ್ತಬ್ಯಾಡಪಾ" ಅಂದಿದ್ದರು. ಎತ್ತದಿದ್ದರೆ ಏನು ತಿನ್ನಬೇಕು ಅನ್ನುವುದನ್ನು ಅವರು ಚೀಟಿಯಲ್ಲಿ ಬರೆದುಕೊಟ್ಟಿರಲಿಲ್ಲ.

ಹಾಗಾಗಿ ಕರೆಪ್ಪನ ಕಣ್ಣು ಒಂದು ಕುರ್ಚಿಯ ಮೇಲಿತ್ತು. ಶೆಡ್ಡಿನ ಬಾಗಿಲಲ್ಲಿ, ಫ್ಯಾನಿನ ಕೆಳಗೆ ಇರುವ, ಮಾಲು ನೋಡುವವನ ಕುರ್ಚಿ. ರೈತ ತಂದ ಮಣೂಕವನ್ನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಅಗಿದು, ಉಗಿದು, ದರ ಕಟ್ಟುವ ಕೆಲಸ. ದುಡಿಯುವುದು ನಾಲಿಗೆ, ಭುಜಕ್ಕೆ ರಜೆ. ಇಷ್ಟು ವರ್ಷ ಅಲ್ಲಿ ಹಸನಸಾಬ ಕೂತಿದ್ದ. ಹಜ್ ಮುಗಿಸಿ ಬಂದವನು, "ಇನ್ನ ನನ್ನ ಕಡಿಂದ ಸುಳ್ಳ ಹೇಳೂದು ಆಗಾಂಗಿಲ್ರಿ" ಎಂದು ಸಾವುಕಾರನಿಗೆ ಸಲಾಮು ಮಾಡಿ ಮನೆಯ ದಾರಿ ಹಿಡಿದಿದ್ದ. ಕುರ್ಚಿ ಖಾಲಿ ಬಿದ್ದಿತ್ತು. ಅದರ ಸುತ್ತ ಇಬ್ಬರು ಸುಳಿದಾಡುತ್ತಿದ್ದರು: ಒಬ್ಬ ಕರೆಪ್ಪ, ಇನ್ನೊಬ್ಬ ತೂಕದ ಕಾಟಾದ ಹತ್ತಿರ ನಿಲ್ಲುವ ದೇವಾನಂದ.

ಆ ದಿನ ಮುಂಜಾನೆ ಬಿಜ್ಜರಗಿಯ ಅಮೋಘಸಿದ್ದ ಶೆಡ್ಡಿಗೆ ಬಂದ. ಅವನಿಗೆ ದ್ರಾಕ್ಷಿ ತೋಟವಿತ್ತು, ಕುರಿಹಿಂಡಿತ್ತು, ಎರಡು ಟ್ರ್ಯಾಕ್ಟರ್ ಇದ್ದವು, ಯಾರನ್ನೂ ನಂಬದ ಎರಡು ಕಣ್ಣುಗಳೂ ಇದ್ದವು. ಹೆಗಲ ಟವೆಲಿನಲ್ಲಿ ಕೂಸಿನ ಹಾಗೆ ಸುತ್ತಿಕೊಂಡಿದ್ದ ಒಂದು ಬಾಟಲಿಯನ್ನು ಬಿಚ್ಚಿ ಸಾವುಕಾರನ ಮುಂದೆ ಇಟ್ಟ.

"ತಮ್ಮನ ಮಗ ಹಡಗಿನ್ಯಾಗ ಅಡಗಿ ಮಾಡ್ತಾನ್ರಿ. ಬರುವಾಗ ನನಗಂತ ತಂದಾನ. ನಾ ಕುಡಿಯಾಂವಲ್ಲ. ಮನ್ಯಾಗ ಇಟ್ರ ಹುಡುಗ್ರು ಬಿಡಾಂಗಿಲ್ಲ. ನಿಮ್ಮ ಮನಿಗಿ ಸಾಂಗಲಿ ಬೀಗರು ಬರಾಕತ್ತಾರಂತ ಕೇಳಿದೆ. ತಗೋತೀರೇನು?"

"ದರಾ ಎಷ್ಟಂತೋ?"

"ಪ್ರೀತಿಲೇ ತಂದಾಂವನ್ನ ದರಾ ಕೇಳಾಕ ಬರತೈತೇನ್ರಿ? ನೀವ ಕಟ್ರಿ."

ಬಾಟಲಿಯ ಸೀಲನ್ನು ಅವನು ಮನೆಯಲ್ಲೇ ಒಡೆದು ತಂದಿದ್ದ. ಮಣೂಕದ ವ್ಯಾಪಾರದಲ್ಲಿ ಬಾಯಿ ಬಿಚ್ಚದ ಬಾಕ್ಸನ್ನು ಯಾರೂ ಮುಟ್ಟುವುದಿಲ್ಲ. ಸ್ಯಾಂಪಲ್ ಕೊಡದವನ ಮಾಲಿನ ತಳದಲ್ಲಿ ಕಲ್ಲಿದೆ ಅಂತಲೇ ಲೆಕ್ಕ. ಸ್ಕಾಚಿಗೆ ಬೇರೆ ಕಾನೂನು ಇರಬಹುದು ಅಂತ ಅಮೋಘಸಿದ್ದನಿಗೂ ಹೊಳೆಯಲಿಲ್ಲ, ಸಾವುಕಾರನಿಗೂ ಹೊಳೆಯಲಿಲ್ಲ. "ಬಾಯಿ ಬಿಚ್ಚಿ ತಂದಿ, ಚಲೋ ಮಾಡಿದಿ" ಅಂತ ಸಾವುಕಾರ ಬೆನ್ನು ಬೇರೆ ತಟ್ಟಿದ.

ದೇವಾನಂದ ಫೋನು ತೆಗೆದ. "ಇದರಾಗ ನೋಡಿದ್ರ ಆತಲ್ರಿ." ನೋಡಿದರೆ ದಿಲ್ಲಿಯಲ್ಲಿ ಒಂದು ದರ, ಗೋವಾದಲ್ಲಿ ಒಂದು, ಲಂಡನ್ನಿನಲ್ಲಿ ಇನ್ನೊಂದು.

ಅಮೋಘಸಿದ್ದ ಮೀಸೆಯೊಳಗೇ ನಕ್ಕ. "ಫೋನಿನ್ಯಾಗ ಮಣೂಕದ ದರಾನೂ ಐತಲೇ ತಮ್ಮಾ. ಈ ಶೆಡ್ಡಿನ್ಯಾಗ ಆ ದರಾ ಯಾವತ್ತರ ಕೊಟ್ಟೀರೇನು?"

ಇಡೀ ಶೆಡ್ಡಿಗೆ ಒಮ್ಮೆಲೇ ಕೆಮ್ಮು ಬಂತು. ಸಾವುಕಾರ ಗಂಟಲು ಸರಿಮಾಡಿಕೊಂಡು ಬಾಟಲಿಯ ಚೀಟಿ ನೋಡಿದ. "ಸ್ಕಾಚ್ ಅನ್ನೂದು ತಿಳೀತು. ಕೆಳಗ ರೈ ಅಂತ ಬರದಾರಲ್ಲ, ಈ ರೈ ಯಾವ ಊರಾಂವ? ಯಾರಿಗರ ಗೊತ್ತೈತೇನಲೇ ಈ ಮಾಲು?"

"ಗೊತ್ತೈತ್ರಿ."

ಕರೆಪ್ಪನಿಗೆ ಗೊತ್ತಿದ್ದದ್ದು ಇಷ್ಟೇ. ಮದುವೆಗೆ ಮುಂಚೆ ಎಂಟು ತಿಂಗಳು ಪುಣೆಯ ಒಂದು ಹೋಟೆಲಿನಲ್ಲಿ ಗ್ಲಾಸು ತೊಳೆದಿದ್ದ. ಸ್ಕಾಚ್ ಕುಡಿದ ಗ್ಲಾಸಿಗೂ ರಮ್ ಕುಡಿದ ಗ್ಲಾಸಿಗೂ ಸಾಬೂನು ಒಂದೇ ಹತ್ತುತ್ತದೆ ಅನ್ನುವುದೊಂದೇ ಅವನ ವಿದ್ಯೆ.

ಸಾವುಕಾರ ಇಬ್ಬರನ್ನೂ ನೋಡಿದ. ಖಾಲಿ ಕುರ್ಚಿಯನ್ನೂ ನೋಡಿದ. ಕೆಮ್ಮಿನ ಔಷಧದ ಎರಡು ಖಾಲಿ ಬಾಟಲಿ ತರಿಸಿ, ತೊಳೆಸಿ, ಒಂದೊಂದರ ಅರ್ಧಕ್ಕೆ ಬರುವಷ್ಟು ಸ್ಕಾಚು ಸುರುವಿದ. "ತಗೋರಿ ಸ್ಯಾಂಪಲ್ಲು. ಸಂಜಿಮುಂದ ಅಮೋಘಸಿದ್ದ ಕಾಕಾ ಮತ್ತ ಬರತಾನ. ಅವನ ಮುಂದ ರುಚಿ ಹೇಳ್ರಿ, ಬೆಲಿ ಕಟ್ರಿ. ಯಾರ ಮಾತಿಲೇ ವ್ಯಾಪಾರ ಕುದರತೈತೋ, ನಾಳಿಂದ ಆ ಕುರ್ಚಿ ಅವಂದು."

ದೇವಾನಂದ ತನ್ನ ಸ್ಯಾಂಪಲನ್ನು ನಿಂತಲ್ಲೇ ಗಟಗಟ ಇಳಿಸಿ, ತೋಳಿನಿಂದ ಬಾಯಿ ಒರೆಸಿಕೊಂಡು, ಬಾಕ್ಸುಗಳ ಮರೆಯಲ್ಲಿ ಗೋಣಿತಟ್ಟು ಹಾಸಿ ಮಲಗಿದ. ಕರೆಪ್ಪ ತನ್ನದನ್ನು ಅಂಗಿಯ ಜೇಬಿನಲ್ಲಿಟ್ಟು, ಮೇಲೆ ಕೈ ಒತ್ತಿ ಹಿಡಿದು ಮನೆಗೆ ಓಡಿದ. ಹೀಗೆ ಬೇಕಾಬಿಟ್ಟಿ ನುಂಗುವವನಿಗೆ ಕುರ್ಚಿ ಎಲ್ಲಿ ಸಿಕ್ಕೀತು ಅಂತ ಅವನಿಗೆ ಒಳಗೊಳಗೇ ನಗು. ಮಣೂಕದ ಮಾತು ಬೇರೆ, ಇದು ಸ್ಕಾಚು. ಓದಿ, ಕೇಳಿ, ತಿಳಿದು ಹೇಳಬೇಕಾದ ಮಾಲು. ಪಾಪ, ಹಾಗೆ ನಂಬಿದ್ದ.

ಮನೆಯಲ್ಲಿ ಬಾಟಲಿಯನ್ನು ಕಿಡಕಿಯಲ್ಲಿಟ್ಟು ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದ. ಬರುವಷ್ಟರಲ್ಲಿ ನೆರೆಮನೆಯ ಚಂದ್ರಾಬಾಯಿ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದಳು. ಸೀರೆ ಮೊಣಕಾಲ ಮೇಲಕ್ಕೆ ಸರಿದಿತ್ತು. ಕರೆಪ್ಪನ ಹೆಂಡತಿ ದಾನೇಶ್ವರಿ ಔಷಧದ ಬಾಟಲಿ ಹಿಡಿದು ಮುದುಕಿಯ ಎರಡೂ ಮೊಣಕಾಲಿಗೆ ಗಸಗಸ ತಿಕ್ಕುತ್ತಿದ್ದಳು.

"ಯಪ್ಪಾ!" ಅಂತ ಕರೆಪ್ಪ ಚೀರಿದ. "ಏನ ಮಾಡಾಕತ್ತೀ ಬೇ!"

"ಆಯಿ ಮೊಣಕಾಲ ಭಾಳ ನೋಯಾಕತ್ತಾವಂತ ಬಂದಾಳ್ರಿ. ಡಾಕ್ಟರು ನಿಮ್ಮ ಭುಜಕ್ಕ ಕೊಟ್ಟ ಎಣ್ಣಿ ಇದ ಅಲ್ಲೇನು?"

"ಎಣ್ಣಿ ಅಲ್ಲದು, ಸ್ಕಾಚ್!"

ದಾನೇಶ್ವರಿ ಬಾಟಲಿ ಮೂಸಿದಳು. ಅವಳ ಮುಖ ಹಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿತು. "ಅಂದ್ರ ಕುಡಿಯಾಕ ಸುರು ಮಾಡೀರೇನು? ಹಾಡ ಹಗಲಿ? ಔಷಧದ ಬಾಟ್ಲ್ಯಾಗ ಮುಚ್ಚಿಟ್ಟು?"

"ಕುಡಿಯಾಕಲ್ಲ ಮಾರಾಯ್ತಿ, ರುಚಿ ನೋಡಾಕ!"

"ಎಲ್ಲಾ ಕುಡಕ್ರೂ ಮೊದಲ ರುಚೀನ ನೋಡಿರತಾರು."

ಚಂದ್ರಾಬಾಯಿ ಮಾತ್ರ ಕಣ್ಣು ಮುಚ್ಚಿ ಸುಖದಲ್ಲಿದ್ದಳು. "ಬಯ್ಯಬ್ಯಾಡ ಬೇ ಅವನ್ನ. ಚಲೋ ಮಾಲು ತಂದಾನ. ಮೊದಲ ಥಣ್ಣಗ ಆತು, ಆಮ್ಯಾಲ ಸಾವಕಾಶ ಖಾರ ಏರತೈತಿ ನೋಡು. ಎಡಗಾಲಿಗಿ ಇನ್ನ ಸ್ವಲ್ಪ ಹಾಕು."

ಕರೆಪ್ಪ ಬಾಟಲಿ ಕಿತ್ತುಕೊಂಡ. ಅರ್ಧಕ್ಕರ್ಧ ಮೊಣಕಾಲಿಗೆ ಹೋಗಿತ್ತು. ಕುರ್ಚಿಯ ವಿಷಯವನ್ನು ಅವನು ಒಂದೇ ಉಸಿರಿನಲ್ಲಿ ಹೇಳಿದ ಮೇಲೆ ದಾನೇಶ್ವರಿಯ ಸಿಟ್ಟು ಇಳಿಯಿತು. ಆದರೆ ಅವಳಿಗೆ ಸಿಟ್ಟಿಗಿಂತ ಕೆಟ್ಟದ್ದು ಒಂದು ಬರುತ್ತಿತ್ತು, ಅದು ಬುದ್ಧಿ. "ಗೊತ್ತಿಲ್ಲದ ಮಾಲಿಗಿ ಗೊತ್ತೈತಿ ಅಂತ ಯಾಕ ಅಂದ್ರಿ? ಈಗ ಗೊತ್ತಿದ್ದಾವರ ಕಡೆ ಹೋಗಿ ಕೇಳ್ಕೊಂಡ ಬರ್ರಿ. ಆ ಕುರ್ಚಿ ಸಿಗಲಿಲ್ಲಂದ್ರ ನಿಮ್ಮ ಭುಜಕ್ಕ ದಿನಾ ಎಣ್ಣಿ ತಿಕ್ಕೂದು ನಾನ."

ಊಟವನ್ನೂ ಮಾಡದೆ ಕರೆಪ್ಪ ವಿಜಯಪುರದ ಬಸ್ಸು ಹತ್ತಿದ. ಔಷಧದ ಬಾಟಲಿಯ ಮುಚ್ಚಳ ಔಷಧಕ್ಕೆ ಬಿಗಿ, ಸ್ಕಾಚಿಗೆ ಸಡಿಲ. ಒಂದೆರಡು ತಗ್ಗು ದಾಟುವಷ್ಟರಲ್ಲಿ ಜೇಬು ಒದ್ದೆಯಾಯಿತು, ಬಸ್ಸೆಲ್ಲ ಘಮಘಮ ಅಂದಿತು. ಪಕ್ಕದಲ್ಲಿದ್ದವನು ಎದ್ದು ಹೋದ. ಹಿಂದಿನ ಸೀಟಿನವನು ಮುಂದೆ ಬಂದು ಕೂತು, ಹೊಟ್ಟೆತುಂಬ ಉಸಿರು ಎಳೆದುಕೊಂಡು, "ಎಲ್ಲಿ ಸಿಕ್ಕಿತಣ್ಣಾ?" ಅಂತ ಕಿವಿಯಲ್ಲಿ ಕೇಳಿದ.

ಕಂಡಕ್ಟರು ಮೂಗು ಮುಚ್ಚಿಕೊಂಡೇ ಟಿಕೆಟ್ ಹರಿದ. "ಮಧ್ಯಾನ್ನ ಇನ್ನ ಆಗಿಲ್ಲ, ಆಗಲೇ ಮುಗಿಸೀಯೇನು?"

"ನಾ ಕುಡಿಯಾಂಗಿಲ್ರಿ."

"ಹೌದಪಾ, ಅಂಗಿ ಕುಡದೈತಿ."

ಸ್ಟೇಷನ್ ರಸ್ತೆಯ ವೈನ್ ಶಾಪಿನ ಮುಂದೆ ಜನ ಕಬ್ಬಿಣದ ಜಾಲರಿಗೆ ಅಂಟಿಕೊಂಡು ನಿಂತಿದ್ದರು. ಕರೆಪ್ಪ ಸಂದಿಯಲ್ಲಿ ಭುಜ ತೂರಿಸಿ ಕೌಂಟರ್ ಮುಟ್ಟಿದ. ಮುಂಜಾನೆ ಫೋನಿನಲ್ಲಿ ಹಿಡಿದುಕೊಂಡಿದ್ದ ಬಾಟಲಿಯ ಚೀಟಿಯ ಫೋಟೋ ತೋರಿಸಿ, "ಅಣ್ಣಾರ, ಇದರ ರುಚಿ ಹೆಂಗಿರತೈತಿ, ಬೆಲಿ ಎಷ್ಟು, ಸ್ವಲ್ಪ ಹೇಳ್ರಿ" ಅಂದ.

ಕೌಂಟರಿನವನಿಗಿಂತ ಮೊದಲು ಸಾಲಿನವರು ಬಾಯಿ ತೆಗೆದರು. ಒಬ್ಬ ರೈ ಅಂದರೆ ಸಾಸಿವೆ ಅಂದ. ಇನ್ನೊಬ್ಬ ಸಾಸಿವೆ ಅಲ್ಲ, ಅದು ಕಂಪನಿ ಮಾಲೀಕನ ಅಡ್ಡಹೆಸರು ಅಂದ. ಮೂರನೆಯವನು ಮಾತೇ ಆಡದೆ ಔಷಧದ ಬಾಟಲಿಯಲ್ಲಿ ಬೆರಳು ಅದ್ದಿ ನೆಕ್ಕಿ, "ನೀರ ಬೆರಸ್ಯಾರ" ಅಂತ ತೀರ್ಪು ಕೊಟ್ಟು, ಖಾತ್ರಿಗೆ ಅಂತ ಮತ್ತೊಮ್ಮೆ ಅದ್ದಿದ. ಕರೆಪ್ಪ ಬಾಟಲಿಯನ್ನು ತಲೆಯ ಮೇಲೆ ಎತ್ತಿ ಹಿಡಿದ. ಹಿಂದಿನವರು ಅವನ ಮೊಣಕೈ ಹಿಡಿದು ಎಳೆದರು.

ಕೊನೆಗೆ ಕೌಂಟರಿನವನೇ ಅವನನ್ನು ಪಕ್ಕದ ಬಾಗಿಲಿಂದ ಒಳಗೆ ಕರೆದುಕೊಂಡ. ತಿಳಿದ ಮನುಷ್ಯ. ಆದರೆ ತಿಳಿದವರೂ ಪುಕ್ಕಟೆ ಹೇಳುವುದಿಲ್ಲ. "ರುಚಿ ನೋಡದ ಹೆಂಗ ಹೇಳ್ಲಿ?" ಎಂದು ಉಳಿದಿದ್ದರ ಮುಕ್ಕಾಲು ಪಾಲನ್ನು ಗ್ಲಾಸಿಗೆ ಸುರುವಿಕೊಂಡ. ಮೂಸಿದ, ಗುಟುಕರಿಸಿದ, ಬಾಯಲ್ಲಿ ಆಡಿಸಿದ, ನುಂಗಿದ.

"ಇದು ಬ್ಲೆಂಡೆಡ್ ಸ್ಕಾಚ್. ಅಂದ್ರ ಒಂದ ಭಟ್ಟೀದಲ್ಲ. ಹತ್ತ ಭಟ್ಟೀದು ತಂದು ಕಲಸಿರತಾರ."

"ಹತ್ತ ಹೊಲದ ಮಣೂಕ ಒಂದ ಬಾಕ್ಸಿಗಿ ಸುರುವಿ ಮ್ಯಾಲ ಒಂದ ಚಂದನ ಚೀಟಿ ಹಚ್ಚಿದಂಗ?"

"ಬರೋಬ್ಬರಿ."

"ನಮ್ಮ ಕಡೆ ಅದಕ್ಕ ಮೋಸ ಅಂತಾರ್ರಿ."

"ಅಲ್ಲಿ ಅದಕ್ಕ ಕಸಬುಗಾರಿಕಿ ಅಂತಾರ. ಕೇಳು ಪೂರಾ. ರೈ ಅಂದ್ರ ಒಂದ ಕಾಳು, ಗೋದಿ ಕುಲದ್ದು, ಥಂಡಿ ದೇಶದಾಗ ಬೆಳೀತೈತಿ. ಆ ಕಾಳಿನ ದಾರೂ ಮಾಡಿ ಕಟಗಿ ಪೀಪಾಯಿದಾಗ ವರ್ಷಗಟ್ಲೆ ಇಟ್ಟಿರತಾರ. ಅದನ್ನ ತಗದ ಮ್ಯಾಲ ಪೀಪಾಯಿ ಖಾಲಿ ಆಗತಾವಲ್ಲ, ಅದರಾಗ ಈ ಸ್ಕಾಚನ್ನ ಕಡೀಕ ಸ್ವಲ್ಪ ತಿಂಗಳ ಇಡ್ತಾರ. ಆ ಕಾಳಿನ ಖಾರ, ಆ ಕಟಗಿ ವಾಸನಿ ಇದಕ್ಕ ಹತ್ತತೈತಿ."

ಕರೆಪ್ಪನ ತಲೆಯಲ್ಲಿ ದೀಪ ಹತ್ತಿತು. "ಸಜ್ಜಿ ರೊಟ್ಟಿ ಸುಟ್ಟ ಹಂಚಿನ ಮ್ಯಾಲ ಜ್ವಾಳದ ರೊಟ್ಟಿ ಸುಟ್ಟಂಗ!"

"ಹಾಂ. ತಿಳೀತು ನಿನಗ. ಮೊದಲ ಬೆಲ್ಲದ ಪಾಕದಂಗ ಸಿಹಿ. ಆಮ್ಯಾಲ ಕರಿಮೆಣಸು, ಚಕ್ಕಿ. ಕಡೀಕ ಒಂದ ಎಳಿ ಹೊಗಿ. ಆದ್ರ ಭಾಳೊತ್ತು ನಿಲ್ಲಾಂಗಿಲ್ಲ, ಜಾತ್ರಿಗಿ ಬಂದ ಬೀಗನಂಗ ಲಗೂನ ಹೋಗತೈತಿ. ಚಲೋ ಮಾಲು, ಅಗದೀ ಭಾರಿ ಅಲ್ಲ. ನಮ್ಮ ಕಡೆ ನಾಕ ಸಾವಿರದ ಆಜೂಬಾಜು ಐತಿ. ಹೆಚ್ಚಿಗಿ ಕೊಟ್ಟಾಂವ ಮಂಗ್ಯಾ, ಕಮ್ಮಿಗಿ ಕೊಟ್ಟಾಂವ ಕಳ್ಳ."

"ಸೀಲ್ ಒಡದಾರ್ರಿ."

"ಮಾರೂ ಮಾಲಿಂದು ಸೀಲ್ ಒಡದಾನಾ? ಯಾವ ಊರ ಶಾಣ್ಯಾ ಅಂವಾ!"

"ರುಚಿ ಕೆಡತೈತೇನ್ರಿ?"

"ರುಚಿ ಎಲ್ಲಿ ಕೆಡತೈತಿ. ಹೆಸರ ಕೆಡತೈತಿ, ಅಷ್ಟ."

ಕರೆಪ್ಪ ಕೈಮುಗಿದು ಹೊರಬಿದ್ದ. ತಳದಲ್ಲಿ ಎರಡು ಚಮಚದಷ್ಟು ಉಳಿದಿತ್ತು. ಶೆಡ್ಡಿಗೆ ಹೋಗುವ ಮುಂಚೆ ಅದನ್ನು ತಾನೇ ನಾಲಿಗೆಗೆ ಹಚ್ಚಿ ನೋಡಬೇಕು ಅಂತ ನಿಶ್ಚಯಿಸಿದ. ಇನ್ನೊಬ್ಬರ ಬಾಯಿಯ ರುಚಿ ಹೇಳಿ ಕುರ್ಚಿ ಗಳಿಸುವುದು ಅವನಿಗೆ ಸರಿ ಕಾಣಲಿಲ್ಲ. ಇಂಥ ನಿಯತ್ತು ಬಡವರಿಗೇ ಯಾಕೆ ಬರುತ್ತದೋ. ಗಾದಿ ಮೇಲೆ ಕೂತವರಿಗೆ ಯಾವತ್ತೂ ಈ ರೋಗ ಬಂದದ್ದನ್ನು ಯಾರೂ ಕಂಡಿಲ್ಲ.

ತಿರುಗಿ ಬರುವಾಗ ಸಿಕ್ಕಿದ್ದು ತಿಕೋಟಾದ ನಾಸೀರನ ಮೂರು ಗಾಲಿಯ ಟಂಟಂ. ನಾಸೀರ ಗಾಡಿ ಹೊಡೆಯುವ ರೀತಿಗೆ ಹೊಟ್ಟೆಯೊಳಗಿನ ಕೂಸು ಬೇಕಾದರೂ ಎದ್ದು ಕೂರಬೇಕು. ಊರು ಇನ್ನೇನು ಬಂತು ಅನ್ನುವಾಗ ಕರೆಪ್ಪ ಮುಚ್ಚಳ ಬಿಚ್ಚಿ ಬಾಟಲಿಯನ್ನು ತುಟಿಗೆ ಹಿಡಿದ. ಅದೇ ಹೊತ್ತಿಗೆ ರಸ್ತೆಯುಬ್ಬು ಬಂತು. ಟಂಟಂ ಹಾರಿತು, ಬಾಟಲಿ ಹಾರಿತು, ಸ್ಕಾಚು ಒಂದು ಹನಿಯೂ ಬಾಯಿಗೆ ಬೀಳದೆ ಎದೆಯ ಮೇಲೆ ಇಳಿದು ಜೇಬು ಸೇರಿತು.

ನಾಸೀರ ಕನ್ನಡಿಯಲ್ಲಿ ನೋಡಿ ಗಾಡಿ ನಿಲ್ಲಿಸಿದ. "ಲೇ ಕರೆಪ್ಪಾ! ನನ್ನ ಗಾಡ್ಯಾಗ ಕುಡಿಯಾಕತ್ತೀಯಾ? ಹೆಣ್ಮಕ್ಕಳ ಕುಂತಾರ ಇಲ್ಲಿ. ಇಳಿ ಮದಲ!"

"ಕುಡದಿಲ್ಲೋ ನಾಸೀರಾ, ಬಾಯಿಗಿ ಒಂದ ಹನಿ ಬಿದ್ದಿಲ್ಲ!"

"ಅದಕ್ಕ ಅಳಾಕತ್ತೀಯೇನು? ಇಳಿ, ಇಳಿ."

ಇಳಿದ. ಎರಡೂ ಕಡೆ ದ್ರಾಕ್ಷಿ ತೋಟ, ಮುಖಕ್ಕೆ ಬಿಸಿಲು. ಬಾಟಲಿ ಪೂರ್ತಿ ಖಾಲಿ. ಹೊತ್ತು ಇಳಿಯುತ್ತಿತ್ತು. ಕರೆಪ್ಪ ಆಕಡೆ ಈಕಡೆ ನೋಡಿದ. ಯಾರೂ ಇರಲಿಲ್ಲ. ಜೇಬನ್ನು ಎರಡೂ ಕೈಯಿಂದ ಎತ್ತಿ, ಕತ್ತು ಬಗ್ಗಿಸಿ, ಕರು ಮೊಲೆ ಚೀಪಿದ ಹಾಗೆ ಚೀಪತೊಡಗಿದ.

ಮೊದಲು ಬಂದದ್ದು ಉಪ್ಪು. ಅದು ತನ್ನ ಬೆವರಿನದು ಅಂತ ಪಕ್ಕಕ್ಕೆ ಇಟ್ಟ. ಆಮೇಲೆ ಬಂತು ಸಿಹಿ, ಅದರ ಬೆನ್ನ ಹಿಂದೆಯೇ ಮೆಣಸು. ಚಕ್ಕೆ ಬಂತು. ಕೊನೆಗೆ ಒಂದು ಎಳೆ ಹೊಗೆ. ಕೌಂಟರಿನವ ಹೇಳಿದ್ದು ಅಕ್ಷರಶಃ ನಿಜ! ಕರೆಪ್ಪ ಆನಂದದಿಂದ ಕಣ್ಣು ಮುಚ್ಚಿ ಇನ್ನೊಮ್ಮೆ ಚೀಪಿದ. ಕಣ್ಣು ತೆರೆದರೆ ಎದುರಿಗೆ ಬೈಕು. ಮೇಲೆ ಊರ ಸಾಲೆಯ ಇಬ್ಬರು ಮಾಸ್ತರು.

"ಬಾಟ್ಲಿ ಸಿಗದಿದ್ರ ಅಂಗೀನ ಚೀಪಾಕತ್ಯಾನ ನೋಡ್ರಿ ಸರ" ಅಂದ ಹಿಂದೆ ಕೂತವನು. ಮುಂದಿನವನು ನಾಲಿಗೆ ಲೊಚಗುಟ್ಟಿ ಗೇರು ಹಾಕಿದ.

ಕರೆಪ್ಪ ನಡೆದು ಶೆಡ್ಡು ಮುಟ್ಟುವಷ್ಟರಲ್ಲಿ ಸುದ್ದಿ ಬೈಕಿನ ಮೇಲೆ ಮುಟ್ಟಿತ್ತು. ಹಮಾಲರು ಒಬ್ಬರ ಜೇಬು ಒಬ್ಬರು ಹಿಡಿದು ಮೂಸಿ ನಗುತ್ತಿದ್ದರು. ಸಾವುಕಾರ ಗಾದಿಯ ಮೇಲೆ, ಅಮೋಘಸಿದ್ದ ಅವನ ಎದುರಿಗೆ, ನಡುವೆ ಬಾಟಲಿ. ದೇವಾನಂದ ಆಗಷ್ಟೇ ಎದ್ದು ಆಕಳಿಸುತ್ತಿದ್ದ.

"ಬಾರಪಾ ರುಚಿಗಾರ" ಅಂದ ಸಾವುಕಾರ. "ಗೊತ್ತೈತಿ ಅಂದಾಂವ ನೀನ ಅಲ್ಲೇನು? ನೀನ ಮೊದಲ ಹೇಳು."

ಕರೆಪ್ಪ ಕುರ್ಚಿಯ ಕಡೆ ಒಮ್ಮೆ ನೋಡಿದ. ಎದೆ ಉಬ್ಬಿಸಿದ, ಎದೆ ಇನ್ನೂ ಘಮ್ಮೆನ್ನುತ್ತಿತ್ತು. ಶುರು ಮಾಡಿದ. ಹತ್ತು ಭಟ್ಟಿಯ ಮಾಲು ಕಲಸುವುದನ್ನು ಹೇಳಿದ. ರೈ ಕಾಳು, ಖಾಲಿ ಪೀಪಾಯಿ, ಸಜ್ಜಿ ರೊಟ್ಟಿಯ ಹಂಚು, ಎಲ್ಲ ಹೇಳಿದ. ಬೆಲ್ಲ, ಮೆಣಸು, ಚಕ್ಕೆ, ಹೊಗೆ, ಒಂದನ್ನೂ ಬಿಡಲಿಲ್ಲ. ಹಮಾಲರ ನಗು ನಿಂತಿತು. ಸಾವುಕಾರನ ಹುಬ್ಬು ಏರಿತು. ತನ್ನ ಬಾಯಿಂದ ಇಷ್ಟು ಒಳ್ಳೆಯ ಮಾತು ಬರುತ್ತಿರುವುದನ್ನು ಕೇಳಿ ಕರೆಪ್ಪನ ಕಣ್ಣುಗಳೇ ಒದ್ದೆಯಾದವು.

"ಚಲೋ ಮಾಲು ಐತ್ರಿ. ಅಗದೀ ಭಾರಿ ಅಲ್ಲ, ಆದ್ರ ಚಲೋ. ಸೀಲ್ ಒಡದೈತಿ ಖರೆ, ರುಚಿ ಏನೂ ಕೆಟ್ಟಿಲ್ಲ. ಅದಕ್ಕ ಏನೂ ವಜಾ ಮಾಡಾಂಗಿಲ್ಲ. ನಾಕ ಸಾವಿರ. ಒಂದ ರೂಪಾಯಿ ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ."

ಅಮೋಘಸಿದ್ದನ ಎರಡು ಕಣ್ಣುಗಳು ಸಣ್ಣಗಾದವು. ಅವನು ಕರೆಪ್ಪನನ್ನು ನೋಡಿದ, ಸಾವುಕಾರನನ್ನು ನೋಡಿದ, ಬಾಟಲಿಯನ್ನು ನೋಡಿದ. ಮೆಲ್ಲಗೆ ಕೈ ಚಾಚಿ ಬಾಟಲಿಯನ್ನು ತನ್ನ ಕಡೆ ಎಳೆದುಕೊಂಡ.

"ಏನಂದಿ? ಚಲೋ ಐತಿ ಅಂದೇನು?"

"ಹೌದ್ರಿ ಕಾಕಾ."

"ವಜಾ ಇಲ್ಲ ಅಂದೇನು?"

"ಏನೂ ಇಲ್ರಿ."

ಅಮೋಘಸಿದ್ದ ಟವೆಲು ಬಿಚ್ಚಿ ಬಾಟಲಿಯನ್ನು ಸುತ್ತತೊಡಗಿದ. "ತಲಿಕೂದ್ಲ ಬೆಳ್ಳಗ ಆಗೂತನಕ ಈ ಶೆಡ್ಡಿಗಿ ಮಾಲು ಹಾಕೇನಿ. ಒಂದ ದಿನಾ ಒಬ್ಬರ ಚಲೋ ಐತಿ ಅಂದಿದ್ದ ಕೇಳಿಲ್ಲ. ಕಡ್ಡಿ ಐತಿ, ಕಲ್ಲ ಐತಿ, ಹಸಿ ಐತಿ, ಬಣ್ಣಿಲ್ಲ. ಹತ್ತರ ಮಾಲಿಗಿ ಐದ ಹೇಳ್ತೀರಿ, ಐದರಾಗ ವಜಾ ಹಿಡೀತೀರಿ. ಅಂಥಾವ್ರು ಇವತ್ತ ನಾಕ ಸಾವಿರ, ವಜಾ ಇಲ್ಲ, ಚಲೋ ಮಾಲು ಅಂತೀರಿ ಅಂದ್ರ... ಇದು ಎಂಟಕ್ಕಿಂತ ಕಮ್ಮಿ ಇರಾಕ ಶಕ್ಯ ಇಲ್ಲ."

"ಇಲ್ರಿ ಕಾಕಾ! ನಾಕ ಐತ್ರಿ! ಸ್ಟೇಷನ್ ರೋಡಿಗಿ ಹೋಗಿ ಕೇಳ್ಕೊಂಡ ಬಂದೀನಿ!"

"ಕೇಳ್ಕೊಂಡ ಬ್ಯಾರೆ ಬಂದೀಯಾ? ಒಂದ ಬಾಟ್ಲಿ ಸಲುವಾಗಿ ಬಸ್ಸಿಗಿ ರೊಕ್ಕ ಹಾಕ್ಕೊಂಡು ಹೋಗಿ ಬಂದೀಯಂದ್ರ ಒಂಬತ್ತರ ಇರಬೇಕು."

"ನನ್ನ ಮಗಳ ಆಣಿ ಮಾಡ್ತೀನಿ, ನಾಕ ಐತ್ರಿ!"

"ಆಣೀನೂ ಮಾಡಾಕತ್ತ್ಯಾನ! ಹಂಗಾರ ಹತ್ತ." ಅಮೋಘಸಿದ್ದ ಎದ್ದೇಬಿಟ್ಟ. "ಸಾವುಕಾರ್ರ, ನೀವು ಅರ್ಧಾ ಹೇಳಾವ್ರಂತ ನನಗ ಗೊತ್ತೈತಿ, ಅದಕ್ಕ ನನಗ ಸಿಟ್ಟಿಲ್ಲ. ಅದು ವ್ಯಾಪಾರ. ಆದ್ರ ಇಷ್ಟ ಚಂದ ಕಥಿ ಕಟ್ಟಿ, ರೊಟ್ಟಿ ಹಂಚು ತಂದು, ಕಣ್ಣಾಗ ನೀರ ತಂದು ಸುಳ್ಳ ಹೇಳಾಂವನ್ನ ಇಟ್ಕೊಂಡೀರಲ್ಲ, ಇದು ಮೋಸ."

ಸಾವುಕಾರನ ಮುಖ ಕಪ್ಪಿಟ್ಟಿತು. ಬೀಗರು ಬರುವವರು, ಬಾಟಲಿ ಹೋಗುತ್ತಿದೆ. "ಕಾಕಾ, ಕುಂಡ್ರು ಕುಂಡ್ರು. ದೇವಾನಂದಾ! ಹೇಳಲೇ ನೀನರ!"

ದೇವಾನಂದ ಅವಸರ ಮಾಡಲಿಲ್ಲ. ಬಂದ. ಅಮೋಘಸಿದ್ದನ ಟವೆಲಿನಿಂದ ಬಾಟಲಿ ಬಿಡಿಸಿ ಬೆಳಕಿಗೆ ಹಿಡಿದ. ಒಂದು ಗುಟುಕು ಬಾಯಿಗೆ ಹಾಕಿಕೊಂಡ. ಹಾಗಲಕಾಯಿ ಕಚ್ಚಿದ ಕೋತಿಯ ಹಾಗೆ ಮುಖ ಕಿವಿಚಿ, ಬಾಗಿಲ ಹೊರಗೆ ಥೂ ಅಂತ ಉಗಿದ.

"ಏನ್ರಿ ಕಾಕಾ ಇದು? ಹೊಗಿ ವಾಸನಿ. ಕಟಗಿ ವಾಸನಿ. ಖಾರ ಬ್ಯಾರೆ. ಸೀಲ್ ಒಡದೈತಿ, ಅರ್ಧಾ ಜೀವ ಗಾಳಿಗಿ ಹೋಗೇತಿ. ಹದಿನೈದು ನೂರಕ್ಕ ಒಂದ ಪೈ ಹೆಚ್ಚಿಗಿ ಇಲ್ಲ. ಅದರಾಗೂ ಸ್ಯಾಂಪಲ್ ತಗದದ್ದು ವಜಾ."

ಅಮೋಘಸಿದ್ದನ ಮುಖ ಅರಳಿತು. ತವರುಮನೆಯ ಮಾತು ಕೇಳಿದ ಹೆಣ್ಣುಮಗಳ ಹಾಗೆ ಮೈ ಸಡಿಲಿಸಿ ಮತ್ತೆ ಕೂತ. "ಹಾಂ! ಇದು ನೋಡಪಾ ಮಾತು. ಸ್ಯಾಂಪಲ್ ವಜಾ ಅಂತ! ಕಳ್ಳ ನನ್ನ ಮಗನ, ಬಾ ಇಲ್ಲಿ, ಕೈ ಕೊಡು."

ಟವೆಲು ಎರಡು ಕೈಗಳ ಮೇಲೆ ಬಿತ್ತು. ಕೆಳಗೆ ದರ ಹೇಳುವ ಬೆರಳುಗಳು ಬೆರಳುಗಳನ್ನು ಹಿಂಡಿದವು, ಮಡಚಿದವು, ಬಿಚ್ಚಿದವು. ಅಮೋಘಸಿದ್ದ ಬೈದ, ದೇವಾನಂದ ದೇವರ ಹೆಸರು ಹೇಳಿದ, ಸಾವುಕಾರ ಬೇಡವೇ ಬೇಡ ಅಂತ ಎರಡು ಸಲ ಎದ್ದು ಹೊರಟ. ಕೊನೆಗೆ ಎರಡೂವರೆ ಸಾವಿರಕ್ಕೆ ವ್ಯಾಪಾರ ಮುಗಿಯಿತು.

ಅಮೋಘಸಿದ್ದ ಗೆದ್ದ ಪೈಲವಾನನ ಹಾಗೆ ಎದ್ದು ನಿಂತ. "ಹದಿನೈದ ನೂರ ಅಂದಾಂವನ ಕಡಿಂದ ಮ್ಯಾಲ ಒಂದ ಸಾವಿರ ಕಿತ್ತೀನಿ ನೋಡ್ರಿ!" ಎಂದು ಹಮಾಲರಿಗೆಲ್ಲ ಕೂಗಿ ಹೇಳಿದ. ದೇವಾನಂದನ ಬೆನ್ನು ತಟ್ಟಿ, "ಬರೂ ವಾರ ನನ್ನ ಮಣೂಕ ತರತೀನಿ. ನೀನ ನೋಡಬೇಕು ಮತ್ತ" ಅಂದ. ಬಾಗಿಲಲ್ಲಿ ಕರೆಪ್ಪನ ಹತ್ತಿರ ಒಂದು ಗಳಿಗೆ ನಿಂತು, "ಮಗಳ ಆಣಿ ಅಂತ! ನಾಚಗಿ ಬರಬೇಕು ನಿನಗ" ಎಂದು ಹೇಳಿ ಹೋದ. ನಾಲ್ಕು ಸಾವಿರ ಸಿಗುವಲ್ಲಿ ಎರಡೂವರೆ ಎಣಿಸಿಕೊಂಡು, ನಗುನಗುತ್ತ ಹೋದ.

ದೇವಾನಂದ ಆ ಕುರ್ಚಿಯಲ್ಲಿ ಆಗಲೇ ಕೂತಿದ್ದ. ಫ್ಯಾನಿನ ವೇಗ ಜಾಸ್ತಿ ಮಾಡಿಕೊಂಡಿದ್ದ.

ಹಮಾಲರೆಲ್ಲ ಅತ್ತ ಸರಿದ ಮೇಲೆ ಸಾವುಕಾರ ಕರೆಪ್ಪನನ್ನು ಸನ್ನೆ ಮಾಡಿ ಹತ್ತಿರ ಕರೆದ. ಸ್ಟೀಲಿನ ಲೋಟದಲ್ಲಿ ಒಂದಿಷ್ಟು ಸುರುವಿಕೊಂಡು ಗುಟುಕರಿಸಿದ. ಬಾಯಿ ಚಪ್ಪರಿಸಿದ. ದನಿ ತಗ್ಗಿಸಿ ಕೇಳಿದ.

"ಅಂವಾ ಹೋದ. ಈಗ ನಾವಿಬ್ಬರ ಅದೀವಿ. ಖರೆ ಖರೆ ಹೇಳು ಕರೆಪ್ಪಾ, ಏನ ದರಾ ಇದ್ದೀತು ಇದರದು?"

"ನಾಕ ಸಾವಿರ್ರಿ ಸಾವುಕಾರ್ರ. ಆಗ ಹೇಳಿದೆನಲ್ರಿ."

ಸಾವುಕಾರ ಅವನನ್ನು ಮೇಲಿಂದ ಕೆಳಗೆ ನೋಡಿದ. ನಿಧಾನವಾಗಿ ನಕ್ಕ. "ನನಗೂ ಅರ್ಧಾನ ಹೇಳ್ತೀಯಲ್ಲೋ. ಅಂದ್ರ ಎಂಟ ಇರಬೇಕು. ಎಂಟರ ಮಾಲು ಎರಡೂವರಿಗಿ ಹೊಡದೀನಿ!"

ಕರೆಪ್ಪ ಬಾಯಿ ತೆರೆದ. ಬಸ್ಸಿನಲ್ಲಿ, ಟಂಟಂನಲ್ಲಿ, ರಸ್ತೆಯ ಮೇಲೆ, ಈ ಶೆಡ್ಡಿನೊಳಗೆ, ಮುಂಜಾನೆಯಿಂದ ಖರೆ ಹೇಳಿ ಹೇಳಿ ಅವನ ನಾಲಿಗೆ ದಣಿದಿತ್ತು.

"ಹೌದ್ರಿ ಸಾವುಕಾರ್ರ" ಅಂದ. "ಎಂಟ ಐತ್ರಿ."

ಸಾವುಕಾರನಿಗೆ ಖುಷಿಯಾಯಿತು. ಲೋಟ ಕೆಳಗಿಟ್ಟು ಅವನ ಬಲಭುಜದ ಮೇಲೆ ಕೈಯಿಟ್ಟ. "ನೋಡು, ಈಗ ಕಲ್ತಿ. ಮುಂಜಾನೇನ ಇಷ್ಟ ಬುದ್ಧಿ ಇದ್ದಿದ್ರ ಆ ಕುರ್ಚಿ ನಿಂದ ಆಗತಿತ್ತು. ಈಗ ಏನ ಮಾಡ್ಲಿ, ಜಾಗಾ ತುಂಬಿತಲ್ಲೋ. ಹೋಗು, ಗಾಡಿ ಬಂದೈತಿ, ಬಾಕ್ಸ್ ಹೇರು."